‘ಆರಾಮ ಅದೀನ್ರಿ’ ಅಂದ್ರ ಗಾಡಿ ಬರೂದಿಲ್ಲ

ಅಮೆರಿಕದಲ್ಲಿ ಕಾರಿಲ್ಲದೆ ಬದುಕು ಸಾಗದು, ಊಬರ್ ತುಟ್ಟಿ, ಮಕ್ಕಳು ಕೆಲಸಕ್ಕೆ ಹೋದರೆ ಅಪ್ಪ-ಅವ್ವ ಸಂಜೆಯ ತನಕ ಕಿಟಕಿ ನೋಡುತ್ತ ಕೂರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಮಾತು, ಬಿಡೋಣ. ಮೊಣಕಾಲು ಹೋದ, ಕಣ್ಣು ಮಂಜಾದ, ಮರೆವು ಹತ್ತಿದ ಹಿರಿಯರನ್ನು ಮನೆಯಿಂದ ಕರೆದೊಯ್ದು ಆಸ್ಪತ್ರೆಗೋ ಗುಡಿಗೋ ಬಿಟ್ಟು ಮತ್ತೆ ಮನೆಗೆ ತಂದು ಮುಟ್ಟಿಸುವ ಸರಕಾರಿ ಗಾಡಿ ಅಲ್ಲಿದೆ ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಒಟ್ಟು ವ್ಯವಸ್ಥೆಗೆ ಪ್ಯಾರಾಟ್ರಾನ್ಸಿಟ್ ಅನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಅದರ ಹೆಸರು ಆಕ್ಸೆಸ್-ಎ-ರೈಡ್, ಬಾಸ್ಟನ್‌ನಲ್ಲಿ ದ ರೈಡ್, ನ್ಯೂಜೆರ್ಸಿಯಲ್ಲಿ ಆಕ್ಸೆಸ್ ಲಿಂಕ್, ಹ್ಯೂಸ್ಟನ್‌ನಲ್ಲಿ ಮೆಟ್ರೋಲಿಫ್ಟ್. ಇದು 1990ರ ಎಡಿಎ, ಅಂದರೆ ಅಮೆರಿಕದ ಅಂಗವಿಕಲರ ಕಾಯಿದೆ ಕೊಟ್ಟ ಹಕ್ಕು. ಯಾರ ದಾಕ್ಷಿಣ್ಯವೂ ಅಲ್ಲ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೋದ ಹಿರಿಯರು ಈ ಹಕ್ಕನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಅರ್ಹತೆಯ ಸಂದರ್ಶನದಲ್ಲಿ. ಕಾಲು ಎಳೆಯುತ್ತ ಒಳಗೆ ಹೋದವರು ಕುರ್ಚಿಯಲ್ಲಿ ಕೂತ ಕೂಡಲೇ ಸೆರಗು ಸರಿಮಾಡಿಕೊಂಡು, ನಕ್ಕು, ‘ಆರಾಮ ಅದೀನ್ರಿ, ಏನ್ ತ್ರಾಸಿಲ್ರಿ’ ಅನ್ನುತ್ತಾರೆ. ನಮ್ಮಲ್ಲಿ ಅದು ಮರ್ಯಾದೆಯ ಮಾತು. ಅಲ್ಲಿ ಅದು ಕಡತಕ್ಕೆ ಹೋಗುವ ಉತ್ತರ.

ಅದಕ್ಕೆ ಬರುವ ಮೊದಲು ಕಾನೂನಿನ ಅಳತೆಗಳನ್ನು ಬೇಗ ಹೇಳಿ ಮುಗಿಸೋಣ. ನಿಗದಿತ ಮಾರ್ಗದಲ್ಲಿ ಬಸ್ಸು ಓಡಿಸುವ ಸರಕಾರಿ ಸಂಸ್ಥೆ ಆ ಮಾರ್ಗದ ಎರಡೂ ಬದಿ ಮುಕ್ಕಾಲು ಮೈಲಿಯೊಳಗೆ, ಅಂದರೆ ಸುಮಾರು 1.2 ಕಿಲೋಮೀಟರ್ ಒಳಗೆ, ಬಸ್ಸು ಓಡುವ ದಿನಗಳಲ್ಲಿ, ಬಸ್ಸು ಓಡುವ ವೇಳೆಯಲ್ಲಿ ಈ ಗಾಡಿ ಕೊಡಲೇಬೇಕು. ದರ ಬಸ್ಸಿನ ಪೂರ್ಣ ಟಿಕೆಟ್ಟಿನ ಎರಡು ಪಟ್ಟು ಮೀರಬಾರದು. ಹಿಂದಿನ ದಿನ ಹೇಳಿದರೆ ಮರುದಿನ ಗಾಡಿ ಬರಬೇಕು. ದವಾಖಾನೆಗಾದರೆ ಸರಿ, ಮದುವೆಗೆ ಇಲ್ಲ ಅನ್ನುವಂತಿಲ್ಲ. ವಾರಕ್ಕೆ ಇಷ್ಟೇ ಸಲ ಎಂಬ ಮಿತಿ ಹಾಕುವಂತಿಲ್ಲ, ಕಾಯುವ ಪಟ್ಟಿ ಇಡುವಂತಿಲ್ಲ.

ವಯಸ್ಸೊಂದೇ ಸಾಲದು. ಎಂಬತ್ತೈದು ದಾಟಿದ್ದರೂ ಬಸ್ಸು ಹತ್ತಿ ಇಳಿಯಬಲ್ಲವರಿಗೆ ಈ ಗಾಡಿ ಇಲ್ಲ. ಕಾಯಿಲೆಯ ಹೆಸರೂ ಸಾಲದು. ನಮ್ಮಲ್ಲಿ ವೈದ್ಯಕೀಯ ಮಂಡಳಿ ಶೇಕಡಾವಾರು ಬರೆದುಕೊಡುತ್ತದೆ. 40 ದಾಟಿದರೆ ಒಂದು ಬಣ್ಣದ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, 80 ದಾಟಿದರೆ ಇನ್ನೊಂದು ಬಣ್ಣದ್ದು. ಅಮೆರಿಕದವರಿಗೆ ಆ ಶೇಕಡಾ ಬೇಕಿಲ್ಲ. ಅವರು ಕೇಳುವುದು ಒಂದೇ: ಈ ಮನುಷ್ಯ ಮನೆ ಬಾಗಿಲಿಂದ ನಿಲ್ದಾಣ ಮುಟ್ಟಿ, ಕಾದು, ಬಸ್ಸು ಗುರುತಿಸಿ, ಹತ್ತಿ, ಸರಿಯಾದ ಕಡೆ ಇಳಿದು, ಹೋಗಬೇಕಾದ ಜಾಗ ಮುಟ್ಟಬಲ್ಲನೇ? ಇದರಲ್ಲಿ ಯಾವುದೋ ಒಂದು ಹೆಜ್ಜೆ ಅಂಗವೈಕಲ್ಯದಿಂದ ಆಗುವುದಿಲ್ಲ ಎಂದು ತೋರಿಸಿದರೆ ಸಾಕು. ಈ ಒಂದು ವಿಷಯದಲ್ಲಿ ಅವರ ಪದ್ಧತಿ ನಮ್ಮದಕ್ಕಿಂತ ಮೇಲು ಎಂದು ಹೇಳಲೇಬೇಕು. ನಮ್ಮ ಚಿಗರಿ ಬಸ್ಸಿನ ನೆಲ ಸ್ಟೇಷನ್ನಿನ ಕಟ್ಟೆಗೆ ಸಮನಾಗಿದೆ, ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದ 22 ಕಿಲೋಮೀಟರ್ ಹಾದಿಯಲ್ಲಿ ಅಂಥ ಸೌಕರ್ಯ ಆಗಿದ್ದು ಸಣ್ಣ ಮಾತಲ್ಲ. ಆದರೆ ನಡುರಸ್ತೆಯಲ್ಲಿರುವ ಆ ಸ್ಟೇಷನ್ ಮುಟ್ಟಲು ಅಜ್ಜಿ ಓಡುವ ಗಾಡಿಗಳ ನಡುವೆ ರಸ್ತೆ ದಾಟಬೇಕಲ್ಲ, ಅದರ ಲೆಕ್ಕ ಯಾವ ಕಾರ್ಡಿನಲ್ಲೂ ಇಲ್ಲ.

ಮನೆ ಹಿಡಿಯುವಾಗಲೇ ಆಗುವ ತಪ್ಪು

ಮಕ್ಕಳು ಮನೆ ನೋಡುವಾಗ ಶಾಲೆ ನೋಡುತ್ತಾರೆ, ಆಫೀಸು ಎಷ್ಟು ದೂರ ನೋಡುತ್ತಾರೆ, ಇಂಡಿಯನ್ ಸ್ಟೋರ್ ನೋಡುತ್ತಾರೆ. ಬಸ್ಸಿನ ನಕ್ಷೆ ನೋಡುವುದಿಲ್ಲ. ಮುಕ್ಕಾಲು ಮೈಲಿಯ ಪಟ್ಟಿಯಿಂದ ನೂರು ಗಜ ಹೊರಗಿದ್ದರೂ ಗಾಡಿ ಕಳಿಸುವ ಬಾಧ್ಯತೆ ಸಂಸ್ಥೆಗಿಲ್ಲ. ಡಾಲಸ್ ಕಡೆ ಕನ್ನಡಿಗರು ತುಂಬಿರುವ ಫ್ರಿಸ್ಕೋ ಊರು ಅಲ್ಲಿನ ಸಾರಿಗೆ ಸಂಸ್ಥೆಯಾದ ಡಾರ್ಟ್‌ನ ಸದಸ್ಯ ಊರೇ ಅಲ್ಲ. ಅದೇ ಟೆಕ್ಸಾಸಿನ ಆರ್ಲಿಂಗ್ಟನ್ ಎಷ್ಟು ದೊಡ್ಡ ಊರಾದರೂ ಅಲ್ಲಿ ನಿಗದಿತ ಮಾರ್ಗದ ಬಸ್ಸಿಲ್ಲ, ಕರೆದರೆ ಬರುವ ವ್ಯಾನುಗಳಿವೆ. ಇಂಥ ಊರುಗಳಲ್ಲಿ ಹಿರಿಯರಿಗೆ ಏನಿದೆ ಎಂಬುದನ್ನು ಆಯಾ ನಗರಾಡಳಿತಕ್ಕೇ ಕೇಳಬೇಕು. ಪಕ್ಕದ ಊರಿನ ಗೆಳೆಯರು ಹೇಳಿದ್ದು ನಿಮ್ಮ ಮನೆಗೆ ಅನ್ವಯಿಸುವುದಿಲ್ಲ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಮನೆ ಹತ್ತಿರವೇ ಪಾರ್ಕ್ ಆಂಡ್ ರೈಡ್, ಅಂದರೆ ಕಾರು ನಿಲ್ಲಿಸಿ ಬಸ್ಸು ಹತ್ತುವ ಜಾಗ ಇರುತ್ತದೆ, ಬೆಳಿಗ್ಗೆ ಆಫೀಸಿನವರನ್ನು ಪೇಟೆಗೆ ಒಯ್ಯುವ ಎಕ್ಸ್‌ಪ್ರೆಸ್ ಬಸ್ಸು ಕಣ್ಣೆದುರೇ ಓಡಾಡುತ್ತದೆ. ಬಸ್ಸಿದೆಯಲ್ಲ ಎಂದು ನೆಮ್ಮದಿಯಿಂದ ಇರುತ್ತೀರಿ. ಕಮ್ಯೂಟರ್ ಬಸ್ಸು, ಕಮ್ಯೂಟರ್ ರೈಲು ಪ್ಯಾರಾಟ್ರಾನ್ಸಿಟ್‌ನ ಲೆಕ್ಕಕ್ಕೆ ಬರುವುದೇ ಇಲ್ಲ. ದಿನವಿಡೀ ನಿಲ್ದಾಣದಿಂದ ನಿಲ್ದಾಣಕ್ಕೆ ನಿಂತು ಹೋಗುವ ಊರ ಬಸ್ಸಿನ ಮಾರ್ಗವೇ ಬೇಕು. ಆ ಮಾರ್ಗ ಭಾನುವಾರ ಓಡುವುದಿಲ್ಲ ಎಂದಾದರೆ ಭಾನುವಾರ ಈ ಗಾಡಿಯೂ ಇರಬೇಕಾಗಿಲ್ಲ. ಗುಡಿಯಲ್ಲಿ ಎಲ್ಲ ಕಾರ್ಯಕ್ರಮವೂ ಭಾನುವಾರವೇ ಇರುತ್ತದೆ ಎಂಬುದು ಬಸ್ಸಿನವರಿಗೇನು ಗೊತ್ತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಸಂಸ್ಥೆಗೆ ಫೋನು ಮಾಡಿ ಮನೆ ವಿಳಾಸ, ಆಸ್ಪತ್ರೆಯ ವಿಳಾಸ, ಗುಡಿಯ ವಿಳಾಸ ಮೂರೂ ಹೇಳಿ ಕೇಳಿ. ಹೊರಡುವ ಜಾಗ, ಮುಟ್ಟುವ ಜಾಗ ಎರಡೂ ಪಟ್ಟಿಯೊಳಗೆ ಇರಬೇಕು.

ಸಂದರ್ಶನ

ಈಗ ಮುಖ್ಯ ಮಾತಿಗೆ ಬರೋಣ. ಅರ್ಜಿ ಹಾಕಿದ ಮೇಲೆ ಅನೇಕ ಸಂಸ್ಥೆಗಳು ಎದುರು ಕೂರಿಸಿ ಮಾತಾಡಿಸುತ್ತವೆ. ಕೆಲವು ಕಡೆ ನಡೆಸಿ ನೋಡುತ್ತಾರೆ: ಹಾದಿಯಲ್ಲಿ ನಡೆಸುವುದು, ಕಾಲುದಾರಿಯ ಅಂಚಿನ ಕಟ್ಟೆ ಹತ್ತಿಸುವುದು, ಕುರ್ಚಿಯಿಂದ ಎಬ್ಬಿಸಿ ತಿರುಗಿಸಿ ಸಮತೋಲ ನೋಡುವುದು. ಮರೆವಿನ ತೊಂದರೆ ಇದ್ದವರಿಗೆ ಬೇರೆ ಪರೀಕ್ಷೆ ಇದೆ; ಬಸ್ಸಿನ ಚಿತ್ರ, ನಂಬರು ತೋರಿಸಿ ಯಾವುದು ಹತ್ತುತ್ತೀರಿ, ದಾರಿ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಈ ಸಂದರ್ಶನಕ್ಕೆ ಹೋಗಿಬರಲು ಗಾಡಿಯನ್ನು ಸಂಸ್ಥೆಯಿಂದಲೇ ಕೇಳಿ ಪಡೆಯಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಗ ರಜೆ ಹಾಕಿ ಕಾರಿನಲ್ಲಿ ಬಾಗಿಲ ತನಕ ಬಿಟ್ಟುಬರುವ ಅಗತ್ಯ ಇಲ್ಲ.

ಮೊದಲ ಪ್ರಶ್ನೆ ಬಹಳ ಸಾದಾ ಇರುತ್ತದೆ: ನಿಮ್ಮ ಊರಲ್ಲಿ ಬಸ್ಸಿನಲ್ಲಿ ಓಡಾಡಿದ್ದೀರಾ? ‘ಹೌದ್ರಿ, ದಿನಾ ಧಾರವಾಡಕ್ಕ ಹೋಗಿ ಬರ್ತಿದ್ದೆ’ ಎಂಬ ಉತ್ತರ ಉಬ್ಬಿಕೊಂಡೇ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ನೌಕರಿ ಇದ್ದಾಗಿನ ಮಾತು, ಇಪ್ಪತ್ತು ವರ್ಷದ ಹಿಂದಿನದು. ಈಚೆಗೆ ಹೋಗಿದ್ದರೂ ಪಕ್ಕದಲ್ಲಿ ಸೊಸೆ ಇದ್ದಳು, ಕಂಡಕ್ಟರ್ ರಟ್ಟೆ ಹಿಡಿದು ಎತ್ತಿಕೊಂಡ, ಯಾರೋ ಹುಡುಗ ಎದ್ದು ಸೀಟು ಬಿಟ್ಟ, ಇಳಿಯುವಾಗ ‘ಸಾವಕಾಶ ಇಳೀರಿ ಅಜ್ಜಾರ’ ಎಂದು ನಾಲ್ಕು ದನಿ ಎದ್ದವು. ಅಮೆರಿಕದ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಡ್ರೈವರ್ ಪರಿಚಯದವನಲ್ಲ. ಆದ್ದರಿಂದ ಉತ್ತರ ಹೀಗಿರಲಿ: ಕಡೆಯ ಸಲ ಒಬ್ಬರೇ ಬಸ್ಸು ಹತ್ತಿದ್ದು ಯಾವ ವರ್ಷ, ಆಮೇಲೆ ಯಾಕೆ ಬಿಟ್ಟಿರಿ, ಬಿಡದೆ ಹೋಗಿದ್ದರೆ ಯಾರು ಏನು ಸಹಾಯ ಮಾಡುತ್ತಿದ್ದರು.

ಎರಡನೆಯ ಪ್ರಶ್ನೆ: ಎಷ್ಟು ಬ್ಲಾಕ್ ನಡೆಯಬಲ್ಲಿರಿ? ಬ್ಲಾಕ್ ಎಂದರೆ ಎರಡು ಅಡ್ಡರಸ್ತೆಗಳ ನಡುವಿನ ದೂರ. ಹುಬ್ಬಳ್ಳಿಯಲ್ಲಿ ಹುಟ್ಟಿದ ಯಾರೂ ದೂರವನ್ನು ಬ್ಲಾಕಿನಲ್ಲಿ ಅಳೆದಿಲ್ಲ. ‘ಮೂರು-ನಾಕು’ ಎಂದು ಅಂದಾಜಿನಲ್ಲಿ ಹೇಳಿಬಿಡುತ್ತಾರೆ. ಮ್ಯಾನ್‌ಹಟನ್‌ನಲ್ಲಿ ಉತ್ತರ-ದಕ್ಷಿಣ ದಿಕ್ಕಿನ ಇಪ್ಪತ್ತು ಬ್ಲಾಕ್ ಸೇರಿದರೆ ಒಂದು ಮೈಲಿ, ಅಂದರೆ ಒಂದು ಬ್ಲಾಕಿಗೆ ಸುಮಾರು 80 ಮೀಟರ್. ಹೊಸ ಬಡಾವಣೆಗಳಲ್ಲಿ ಒಂದು ಬ್ಲಾಕಿನ ಉದ್ದಕ್ಕೆ ಲಂಗುಲಗಾಮಿಲ್ಲ. ಬ್ಲಾಕಿನ ಲೆಕ್ಕದಲ್ಲಿ ಉತ್ತರ ಕೊಡುವುದೇ ಬೇಡ. ಇಷ್ಟು ಅಡಿ ನಡೆದ ಮೇಲೆ ಇಷ್ಟು ನಿಮಿಷ ಕೂರಬೇಕು, ಕೂರಲು ಜಾಗ ಇಲ್ಲದಿದ್ದರೆ ಹೀಗಾಗುತ್ತದೆ, ಎಂದೇ ಹೇಳಬೇಕು.

ಆ ಅಳತೆಯನ್ನು ಸಂದರ್ಶನಕ್ಕೆ ಒಂದು ವಾರ ಮೊದಲೇ ಮಾಡಿಟ್ಟುಕೊಳ್ಳಿ. ಮನೆಗೆ ಹತ್ತಿರದ ನಿಲ್ದಾಣದ ತನಕ ಅಪ್ಪನೋ ಅವ್ವನೋ ನಿಜವಾಗಿ ನಡೆಯಲಿ, ನೀವು ಫೋನಿನ ಗಡಿಯಾರ ಹಿಡಿದು ಹಿಂದೆ ಹೋಗಿ. ಎಲ್ಲಿ ಮೊದಲು ನಿಂತರು, ಎಲ್ಲಿ ಗೋಡೆ ಹಿಡಿದರು, ಎಷ್ಟು ಸಲ ಕೂತರು, ಮುಟ್ಟುವಷ್ಟರಲ್ಲಿ ಒಟ್ಟು ಎಷ್ಟು ಹೊತ್ತಾಯಿತು, ಎಲ್ಲ ಬರೆದುಕೊಳ್ಳಿ. ರಸ್ತೆ ದಾಟುವುದನ್ನು ಬೇರೆಯಾಗಿ ಅಳೆಯಿರಿ. ಅಮೆರಿಕದಲ್ಲಿ ಪಾದಚಾರಿ ಸಿಗ್ನಲ್ಲಿನ ಮಿನುಗುವ ಹೊತ್ತನ್ನು ಸಾಮಾನ್ಯವಾಗಿ ಸೆಕೆಂಡಿಗೆ 3.5 ಅಡಿ ನಡಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. ಹನ್ನೆರಡು ಅಡಿಯ ಐದು ಲೇನಿನ ರಸ್ತೆ ಎಂದರೆ 60 ಅಡಿ. ಸಿಗುವುದು ಸುಮಾರು 17 ಸೆಕೆಂಡು. ಅವ್ವನಿಗೆ 30 ಸೆಕೆಂಡು ಬೇಕು ಎಂದಾದರೆ ನಡುರಸ್ತೆಯಲ್ಲಿರುವಾಗಲೇ ಕಾರುಗಳಿಗೆ ಹಸಿರು ಬೀಳುತ್ತದೆ. ಈ ಒಂದು ವಾಕ್ಯ ನಾಲ್ಕು ಪುಟದ ರಿಪೋರ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಇದು ಬಸ್ಸಿನವರ ಭಾಷೆಯಲ್ಲೇ ಇದೆ.

ನಿಲ್ದಾಣದ ಫೋಟೋ ತೆಗೆಯಿರಿ. ಕಾಲುದಾರಿ ಇದೆಯೇ, ಕಟ್ಟೆ ಇಳಿಜಾರು ಮಾಡಿದ್ದಾರೆಯೇ, ಕೂರಲು ಬೆಂಚಿದೆಯೇ? ಹೊಸದಾಗಿ ಕಟ್ಟುವ ನಿಲ್ದಾಣದಲ್ಲಿ ರಸ್ತೆಯಂಚಿಗೆ 5 ಅಡಿ, ಒಳಮುಖವಾಗಿ 8 ಅಡಿಯ ಗಟ್ಟಿ ಸಮತಟ್ಟು ಜಾಗ ಇರಬೇಕೆಂಬುದು ಎಡಿಎ ಅಳತೆ. ಹಳೆಯ ನಿಲ್ದಾಣಗಳಲ್ಲಿ ಹಲವು ಕಡೆ ಹುಲ್ಲಿನ ಮೇಲೆ ನೆಟ್ಟ ಒಂದು ಕಂಬ ಅಷ್ಟೇ. ಬಸ್ಸಿನಲ್ಲಿ ರ‍್ಯಾಂಪ್ ಇದ್ದೂ ಆ ನಿಲ್ದಾಣದಲ್ಲಿ ಅದನ್ನು ಇಳಿಸಲಾಗದಿದ್ದರೆ, ರ‍್ಯಾಂಪ್ ಬೇಕೇಬೇಕಾದವರಿಗೆ ಅದೇ ಅರ್ಹತೆಯ ಒಂದು ಕಾರಣ. ಈ ನಿಯಮ ಗೊತ್ತಿಲ್ಲದೆ ಬರೀ ಮಂಡಿನೋವಿನ ಮೇಲೆ ಅರ್ಜಿ ಹಾಕಿ ಸೋತವರು ಬೇಕಾದಷ್ಟು.

ಭಾಷೆ ಇನ್ನೊಂದು ಗುಂಡಿ. ‘ಜೋಲಿ ಹೋಗ್ತದ’ ಎಂದು ಅವ್ವ ಹೇಳಿದ್ದನ್ನು ಮಗಳು ಅವಸರದಲ್ಲಿ ಕಾಲುನೋವು ಎಂದು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಜೋಲಿ ಹೋಗುವುದು ಎಂದರೆ ಸಮತೋಲ ತಪ್ಪಿ ಬೀಳುವಂತಾಗುವುದು. ಬಸ್ಸಿನ ಮಟ್ಟಿಗೆ ನೋವಿಗಿಂತ ಅದೇ ದೊಡ್ಡ ಸಂಗತಿ. ‘ಕಾಲು ಝುಮ್ ಅಂತಾವ’ ಎಂದರೆ ಪಾದದ ಸ್ಪರ್ಶ ಗೊತ್ತಾಗುವುದಿಲ್ಲ, ಕಟ್ಟೆಯ ಅಂಚು ತಿಳಿಯುವುದಿಲ್ಲ. ‘ಕಣ್ಣಿಗೆ ಕತ್ತಲಿ ಬರ್ತದ’ ಎಂದರೆ ನಿಂತು ಕಾಯಲಾಗುವುದಿಲ್ಲ. ‘ಸಂಜಿ ಮುಂದ ಕಾಣೂದಿಲ್ಲ’ ಎಂದರೆ ಕತ್ತಲಾದ ಮೇಲೆ ಬಸ್ಸಿನ ನಂಬರು ಓದಲಾಗುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಬೇಕು. ಮಕ್ಕಳು ತಾವೇ ಉತ್ತರ ಕೊಡಲು ಶುರುಮಾಡಿದರೆ ಅಧಿಕಾರಿ ಹಿರಿಯರ ಮುಖ ನೋಡುವುದನ್ನು ಬಿಟ್ಟು ಮಕ್ಕಳ ಮುಖ ನೋಡುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಂತೆ. ದಿನ ಗೊತ್ತುಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ. ಫೋನಿನ ಮೇಲೆ ದುಭಾಷಿಯನ್ನು ಜೋಡಿಸಿಕೊಡುವ ಸಂಸ್ಥೆಗಳು ಸಾಕಷ್ಟಿವೆ. ಹಿಂದಿ ಆಗಬಹುದೇ ಎಂದು ಅವರು ಕೇಳಿದರೆ, ಅವ್ವನಿಗೆ ಹಿಂದಿ ಸೀರಿಯಲ್ ತಿಳಿಯುತ್ತದೆ ಎಂಬ ಧೈರ್ಯದ ಮೇಲೆ ಹೂಂ ಅನ್ನಬೇಡಿ.

ಇಷ್ಟು ಹೇಳಿದ್ದರ ಅರ್ಥ ನಾಟಕ ಮಾಡಿಸಿ ಎಂದಲ್ಲ. ಒಂದು ಹೆಜ್ಜೆಯೂ ಆಗುವುದಿಲ್ಲ ಎಂದವರು ಹೊರಗೆ ಪಾರ್ಕಿಂಗ್‌ನಲ್ಲಿ ಆರಾಮಾಗಿ ಅಡ್ಡಾಡುವುದನ್ನು ಯಾರಾದರೂ ನೋಡಿಯೇ ನೋಡುತ್ತಾರೆ. ಒಳ್ಳೆಯ ದಿನ ಹೇಗಿರುತ್ತದೆ, ಕೆಟ್ಟ ದಿನ ಹೇಗಿರುತ್ತದೆ, ವಾರದಲ್ಲಿ ಕೆಟ್ಟ ದಿನ ಎಷ್ಟು ಎಂಬುದನ್ನು ಮೂರೂ ಸೇರಿಸಿ ಹೇಳಿ. ‘ಕೆಲವು ದಿನ ಆಗುತ್ತದೆ, ಕೆಲವು ದಿನ ಇಲ್ಲ’ ಎಂಬುದಕ್ಕೂ ಕಾನೂನಿನಲ್ಲಿ ಜಾಗ ಇದೆ. ಅದನ್ನು ಷರತ್ತಿನ ಅರ್ಹತೆ ಅನ್ನುತ್ತಾರೆ: ಹಿಮ ಬಿದ್ದಾಗ ಮಾತ್ರ, ಕತ್ತಲಾದ ಮೇಲೆ ಮಾತ್ರ, ಡಯಾಲಿಸಿಸ್ ಮುಗಿಸಿ ಬರುವಾಗ ಮಾತ್ರ, ನಿಲ್ದಾಣ ಇಷ್ಟು ದೂರ ಮೀರಿದಾಗ ಮಾತ್ರ. ಷರತ್ತು ಬಿತ್ತೆಂದು ಬೇಸರಪಟ್ಟು ಕಾಗದ ಮಡಚಿಡುವವರಿದ್ದಾರೆ. ಅದು ನಿರಾಕರಣೆ ಅಲ್ಲ, ಬಳಸಿಕೊಳ್ಳಿ.

ಡಾಕ್ಟರ್ ಬರೆದುಕೊಡುವ ಕಾಗದದಲ್ಲೂ ಇದೇ ಕಥೆ. ‘ಎರಡೂ ಮಂಡಿಗಳಿಗೆ ತೀವ್ರ ಸಂಧಿವಾತ, ಸಕ್ಕರೆ ಕಾಯಿಲೆ, ಬಿಪಿ’ ಎಂದು ಬರೆದರೆ ಕಾಯಿಲೆಯ ಪಟ್ಟಿ ಆಯಿತೇ ಹೊರತು ಓಡಾಟದ ಮಾತು ಬರಲಿಲ್ಲ. ಕೋಲು ಹಿಡಿದು 200 ಅಡಿ ನಡೆದರೆ ಮೂರು ನಿಮಿಷ ಕೂರಬೇಕು, ಆಧಾರವಿಲ್ಲದೆ ಆರು ಇಂಚಿನ ಕಟ್ಟೆ ಹತ್ತಲಾಗದು, ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗದು: ಹೀಗಿರಬೇಕು ಬರಹ. ನೀವು ಅಳೆದ ಅಳತೆಯ ಚೀಟಿಯನ್ನು ಡಾಕ್ಟರ ಕೈಗೆ ಕೊಡಿ. ದುಡ್ಡಿನ ವಿಷಯ ಇಲ್ಲೇ ಹೇಳಬೇಕು. ಇನ್ಶೂರೆನ್ಸ್ ಇಲ್ಲದ ಹಿರಿಯರನ್ನು ಈ ಒಂದು ಫಾರ್ಮಿಗಾಗಿ ಕ್ಲಿನಿಕ್ಕಿಗೆ ಒಯ್ದು ಪೂರಾ ಭೇಟಿಯ ಶುಲ್ಕ, ಮೇಲೆ ಫಾರ್ಮ್ ತುಂಬುವ ಶುಲ್ಕ ಕೊಟ್ಟು ಬಂದ ಮೇಲೆ, ಆ ಊರಿನ ಸಂಸ್ಥೆಗೆ ಡಾಕ್ಟರ ಫಾರ್ಮೇ ಬೇಕಿಲ್ಲ, ಬೇಕಾದರೆ ಅವರೇ ಡಾಕ್ಟರಿಗೆ ಕೇಳಿಕೊಳ್ಳುತ್ತಾರೆ ಎಂದು ಗೊತ್ತಾಗುವುದು ಹೊಸದೇನಲ್ಲ. ಮೊದಲು ಫಾರ್ಮು ತರಿಸಿಕೊಂಡು ಓದಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಅರ್ಜಿ ಪೂರ್ಣವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಂದರ್ಶನ ಬೇಕಿದ್ದರೆ ಅದು ಮುಗಿದ ದಿನಕ್ಕೇ ಅರ್ಜಿ ಪೂರ್ಣವಾಗುವುದು. ಅಲ್ಲಿಂದ 21 ದಿನದೊಳಗೆ ತೀರ್ಮಾನ ಬರದಿದ್ದರೆ, ತೀರ್ಮಾನ ಆಗುವ ತನಕ ಅರ್ಹರೆಂದೇ ಭಾವಿಸಿ ಗಾಡಿ ಕೊಡಬೇಕು. ಕೇಳದೆ ಯಾರೂ ಕೊಡುವುದಿಲ್ಲ; 22ನೆಯ ದಿನ ನೀವೇ ಫೋನು ಮಾಡಿ. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಮೇಲ್ಮನವಿಗೆ 60 ದಿನ ಇದೆ. ಅದನ್ನು ಮೊದಲು ತೀರ್ಮಾನಿಸಿದವರೇ ಮತ್ತೆ ಕೇಳುವಂತಿಲ್ಲ, ಮತ್ತು ಎದುರು ಕೂತು ಹೇಳಿಕೊಳ್ಳುವ ಅವಕಾಶ ಇರಬೇಕು. ‘ಆರಾಮ ಅದೀನ್ರಿ’ ಎಂದು ಹೇಳಿ ಕೆಡಿಸಿಕೊಂಡವರಿಗೆ ಅದನ್ನು ಸರಿಮಾಡಲು ಇರುವ ಹಾದಿ ಇದೇ.

ಒಂದು ಪುಟ್ಟ ಚೌಕ

ಅರ್ಜಿಯಲ್ಲಿ ಪಿಸಿಎ ಎಂಬ ಒಂದು ಚೌಕ ಇರುತ್ತದೆ. ಊಟ, ಔಷಧಿ, ಶೌಚ, ನಡಿಗೆ ಇಂಥದ್ದಕ್ಕೆ ನೆರವಾಗುವ ಸಹಾಯಕರು ಎಂದರ್ಥ. ಪಿಸಿಎಗೆ ಟಿಕೆಟ್ ಇಲ್ಲ. ಬರೀ ಜೊತೆಗಾರರಾಗಿ ಬಂದರೆ ಹಿರಿಯರಷ್ಟೇ ಟಿಕೆಟ್ಟು ಅವರಿಗೂ. ಮನೆಯವರು ಬಂದರೆ ಅವರನ್ನು ಜೊತೆಗಾರರು ಎಂದೇ ಲೆಕ್ಕಹಾಕುತ್ತಾರೆ, ಪಿಸಿಎ ಎಂದು ನಮೂದಾಗಿದ್ದು ಆ ಕೆಲಸವನ್ನೇ ಮಾಡುತ್ತಿದ್ದರೆ ಮಾತ್ರ ಟಿಕೆಟ್ ಬಿಡುತ್ತಾರೆ. ಅಪ್ಪನ ಕೈಹಿಡಿದು ಅವ್ವನೇ ಎಲ್ಲ ಮಾಡುವ ಮನೆಗಳಲ್ಲಿ ಈ ಚೌಕ ಖಾಲಿ ಬಿಡುತ್ತಾರೆ: ‘ಅಕಿ ನನ್ನ ಹೆಂಡ್ತಿ ಅದಾಳ್ರಿ, ಸಹಾಯಕಿ ಅಂತ ಹೆಂಗ ಬರೀಲಿ?’ ಒಂದು ಸಲದ ಟಿಕೆಟ್ 4 ಡಾಲರ್ ಎಂದಿಟ್ಟುಕೊಳ್ಳಿ. ಹೋಗಿಬರಲು 8, ವಾರಕ್ಕೆ ಮೂರು ಸಲ ಡಯಾಲಿಸಿಸ್, ವರ್ಷಕ್ಕೆ 1,248 ಡಾಲರ್. ಅಷ್ಟು ದುಡ್ಡು ಒಂದು ಗುರುತು ಹಾಕದೆ ಹೋಗುತ್ತದೆ. ಹಾಗಂತ ಸಹಾಯಕರು ಇದ್ದರೇನೇ ಹತ್ತಿಸುತ್ತೇವೆ ಎಂದು ಸಂಸ್ಥೆ ಹಟ ಹಿಡಿಯುವಂತಿಲ್ಲ. ಚೌಕ ತುಂಬಿದ್ದರೂ ಒಬ್ಬರೇ ಹೋಗಬಹುದು.

ಆರು ತಿಂಗಳಿಗೆ ಬಂದವರು

ಪ್ರವಾಸಿ ವೀಸಾದ ಮೇಲೆ ಬಂದ ಹಿರಿಯರಿಗೆ ಇದು ದಕ್ಕುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ತಪ್ಪು. ಆ ಊರಿನ ನಿವಾಸಿಯಲ್ಲದ ಅಂಗವಿಕಲರಿಗೆ ಸಂದರ್ಶಕರೆಂದು 365 ದಿನಗಳಲ್ಲಿ ಯಾವುದಾದರೂ 21 ದಿನ ಈ ಸೇವೆ ಕೊಡಬೇಕು. ಅದಕ್ಕೆ ಮೊದಲು ಸಂದರ್ಶನ ಮುಗಿಸಿ ಬನ್ನಿ ಎನ್ನುವಂತಿಲ್ಲ. ಕೇಳಬಹುದಾದ್ದು ಎಲ್ಲಿ ವಾಸ ಎಂಬುದಕ್ಕೆ ಒಂದು ಕಾಗದ. ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಅದಕ್ಕೊಂದು ಕಾಗದ. ಅಷ್ಟೇ. ನಿಯಮ ಕೇಳುವುದು ವಾಸದ ಜಾಗವನ್ನು, ಪೌರತ್ವವನ್ನಲ್ಲ.

ಆ ಕಾಗದ ಹುಬ್ಬಳ್ಳಿಯಲ್ಲೇ ಸಿದ್ಧವಾಗಬೇಕು. ವಿಮಾನ ಹತ್ತುವ ಮೊದಲು, ದಿನಾ ನೋಡುವ ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಮೇಲೆ ಹೇಳಿದ ಹಾಗೆ ಅಡಿ, ನಿಮಿಷ, ಕಟ್ಟೆ, ನಿಲ್ಲುವ ಹೊತ್ತು ಎಲ್ಲ ಇರಲಿ. ಡಾಕ್ಟರ ನೋಂದಣಿ ಸಂಖ್ಯೆ, ಸೀಲು, ದಿನಾಂಕ ಇರಲಿ. ಯುಡಿಐಡಿ ಕಾರ್ಡು ಇದ್ದರೆ ಅದರ ಪ್ರತಿ ಜೊತೆಗಿರಲಿ, ಶೇಕಡಾವಾರು ಅವರಿಗೆ ಬೇಡವಾದರೂ ಸರಕಾರಿ ದಾಖಲೆಗೆ ತೂಕ ಇದ್ದೇ ಇದೆ. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ವಿಳಾಸ ಇರುತ್ತದೆ, ವಾಸಕ್ಕೆ ಅದನ್ನು ತೋರಿಸಿ.

21 ದಿನವನ್ನು ಲೆಕ್ಕಹಾಕಿ ಖರ್ಚು ಮಾಡಬೇಕು. ಒಂದು ದಿನ ಎಷ್ಟು ಸಲ ಹತ್ತಿದರೂ ಅದು ಒಂದೇ ದಿನ. ಬುಧವಾರ ದವಾಖಾನೆ, ಗುರುವಾರ ಗ್ರಂಥಾಲಯ, ಶುಕ್ರವಾರ ಗುಡಿ ಎಂದು ಹರಡಿಕೊಂಡರೆ ಏಳು ವಾರಕ್ಕೆ ಮುಗಿದುಹೋಗುತ್ತದೆ. ಮೂರನ್ನೂ ಒಂದೇ ದಿನಕ್ಕೆ ಕಟ್ಟಿದರೆ ವಾರಕ್ಕೊಂದರಂತೆ 21 ವಾರ ಬಂದೀತು. ಆರು ತಿಂಗಳು ಇರುವವರು ಬಂದ ವಾರವೇ ಪೂರ್ಣ ಅರ್ಜಿಯನ್ನೂ ಹಾಕಿಬಿಡುವುದು ಮೇಲು, ಏಕೆಂದರೆ 21 ದಿನ ಮುಗಿದ ಮೇಲೆ ಆ ಹಾದಿಯಲ್ಲೇ ಬರಬೇಕು.

ಗಾಡಿ ಕರೆಯುವುದು

ಫೋನಿನಲ್ಲಿ ‘ಎಂಟು ಗಂಟೆಗೆ ಗಾಡಿ ಕಳಿಸಿ’ ಅನ್ನಬೇಡಿ. ‘ಹತ್ತು ಗಂಟೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ, ಅಷ್ಟರೊಳಗೆ ಮುಟ್ಟಬೇಕು’ ಅನ್ನಿ. ಮೊದಲನೆಯದರಲ್ಲಿ ಎಂಟಕ್ಕೆ ಹತ್ತಿಸಿಕೊಂಡರೆ ಅವರ ಕೆಲಸ ಮುಗಿಯಿತು, ದಾರಿಯಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡು ಹತ್ತೂವರೆಗೆ ಮುಟ್ಟಿಸಬಹುದು. ನೀವು ಕೇಳಿದ ಹೊತ್ತಿಗಿಂತ ಒಂದು ತಾಸು ಹಿಂದೆ-ಮುಂದೆ ಮಾಡಿ ಮಾತಾಡುವ ಅಧಿಕಾರ ಅವರಿಗಿದೆ, ಅದಕ್ಕಿಂತ ಹೆಚ್ಚು ಇಲ್ಲ. ವಾಪಸು ಬರುವ ಗಾಡಿಯನ್ನೂ ಅದೇ ಕರೆಯಲ್ಲಿ ಹೇಳಿಡಿ. ದವಾಖಾನೆಯಲ್ಲಿ ತಡವಾಗುವುದು ನಿಶ್ಚಿತ, ಅದನ್ನು ಸೇರಿಸಿಯೇ ಹೊತ್ತು ಹೇಳಿ.

ಒಪ್ಪಿದ ಹೊತ್ತಿನ ಸುತ್ತ ಸಾಮಾನ್ಯವಾಗಿ ಅರ್ಧ ತಾಸಿನ ಕಿಂಡಿ ಇರುತ್ತದೆ. ಆ ಕಿಂಡಿಯೊಳಗೆ ಬಂದ ಗಾಡಿ ಹೆಚ್ಚಿನ ಕಡೆ ಐದು ನಿಮಿಷ ಕಾದು ಹೊರಟುಬಿಡುತ್ತದೆ. ನಮ್ಮ ಮನೆಗಳಲ್ಲಿ ಗಾಡಿ ಬಂದ ಮೇಲೆ ಅವ್ವ ಚಪ್ಪಲಿ ಹುಡುಕಿ, ದೇವರಿಗೆ ಕೈಮುಗಿದು, ಗ್ಯಾಸು ಆರಿಸಿದೆನೇ ಎಂದು ಮತ್ತೊಮ್ಮೆ ನೋಡಿ ಹೊರಡುತ್ತಾಳೆ. ಐದು ನಿಮಿಷ ಅದಕ್ಕೇ ಆಯಿತು. ಹೋದ ಗಾಡಿ ನೋ-ಶೋ ಎಂದು ದಾಖಲಾಗುತ್ತದೆ, ಹೀಗೆ ಪದೇಪದೇ ಆದರೆ ಕೆಲವು ದಿನ ಸೇವೆ ನಿಲ್ಲಿಸಬಹುದು. ಆದರೆ ಕಿಂಡಿಗಿಂತ ಮೊದಲೇ ಬಂದ ಗಾಡಿಗೆ ನೀವು ಓಡಬೇಕಿಲ್ಲ. ತಡವಾಗಿ ಬಂದದ್ದು, ಹುಷಾರು ತಪ್ಪಿದ್ದು, ದವಾಖಾನೆಯವರೇ ಬಿಡದೆ ಕೂರಿಸಿಕೊಂಡದ್ದು ನಿಮ್ಮ ಲೆಕ್ಕಕ್ಕೆ ಬರಕೂಡದು. ಪ್ರತಿ ನೋ-ಶೋಗೂ ಅದೇ ದಿನ ಫೋನು ಮಾಡಿ ಕಾರಣ ಬರೆಸಿ, ಮಾತಾಡಿದವರ ಹೆಸರು, ಹೊತ್ತು ಗುರುತು ಮಾಡಿಡಿ. ಬೆಳಗಿನ ಗಾಡಿ ತಪ್ಪಿ ಹೇಗೋ ದವಾಖಾನೆ ಮುಟ್ಟಿದ್ದರೆ ಸಂಜೆಯ ಗಾಡಿ ಇದೆಯೇ ಎಂದು ತಕ್ಷಣ ಕೇಳಿ ಖಾತ್ರಿ ಮಾಡಿಕೊಳ್ಳಿ.

ಗಾಡಿ ರಸ್ತೆಯಲ್ಲೇ ನಿಂತು ಹಾರ್ನ್ ಹಾಕಿದರೆ, ಬಾಗಿಲ ತನಕ ಬಂದು ಕೈಹಿಡಿದು ಒಯ್ಯಬೇಕೆಂದು ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಆ ನೆರವು ಬೇಕಿದ್ದರೆ ಕೊಡಬೇಕು. ಆದರೆ ಮನೆಯೊಳಗೆ ಬರುವುದಿಲ್ಲ, ಮಹಡಿಯಿಂದ ಎತ್ತಿ ಇಳಿಸುವುದಿಲ್ಲ.

ಊರ ಬಸ್ಸನ್ನೂ ಬಿಡಬೇಡಿ

ಆಗುವ ದಿನ ಬಸ್ಸೇ ಒಳ್ಳೆಯದು. ಹಿಂದಿನ ದಿನ ಹೇಳಬೇಕಿಲ್ಲ, ಯಾರನ್ನೂ ಕಾಯಬೇಕಿಲ್ಲ. ನಮ್ಮ ವಾಯವ್ಯ ಸಾರಿಗೆ 60 ದಾಟಿದವರಿಗೆ ದರದಲ್ಲಿ ಶೇ. 25 ಬಿಡುತ್ತದೆ. ಅಮೆರಿಕದಲ್ಲಿ ಕೇಂದ್ರದ ಅನುದಾನ ಪಡೆಯುವ ಸಂಸ್ಥೆಗಳು 65 ದಾಟಿದವರಿಗೆ, ಅಂಗವಿಕಲರಿಗೆ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ದಿನವಿಡೀ ಅರ್ಧ ದರ ಇಟ್ಟವರೂ ಇದ್ದಾರೆ. ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿ ಕಾರ್ಡು ಮಾಡಿಸಿಕೊಳ್ಳಿ. ಗಾಲಿಕುರ್ಚಿ ಇಲ್ಲದವರೂ ರ‍್ಯಾಂಪ್ ಕೇಳಬಹುದು. ಮೆಟ್ಟಿಲು ಏರಲು ತ್ರಾಸಾದರೆ ‘ರ‍್ಯಾಂಪ್ ಪ್ಲೀಸ್’ ಎಂಬ ಎರಡು ಪದ ಅವ್ವನಿಗೆ ಹೇಳಿಕೊಡಿ. ಡ್ರೈವರ್ ಇಲ್ಲ ಎನ್ನುವಂತಿಲ್ಲ.

ಬೆಂಚಿಲ್ಲ, ಕಾಲುದಾರಿ ಇಲ್ಲ, ಭಾನುವಾರ ಬಸ್ಸಿಲ್ಲ ಎಂದು ವಾಟ್ಸಾಪ್ ಗುಂಪಿನಲ್ಲಿ ಗೊಣಗುವುದನ್ನು ಬಿಟ್ಟು ಹೇಳಬೇಕಾದ ಜಾಗದಲ್ಲಿ ಹೇಳಿ. ದರ ಏರಿಸುವ, ಸೇವೆಯನ್ನು ದೊಡ್ಡದಾಗಿ ಕಡಿಮೆ ಮಾಡುವ ಮುಂಚೆ ಸಂಸ್ಥೆ ಜನರ ಅಭಿಪ್ರಾಯ ಕೇಳಲೇಬೇಕು. ಬಸ್ ಮಾರ್ಗ ರದ್ದಾದರೆ ಅದರ ಸುತ್ತಲಿನ ಮುಕ್ಕಾಲು ಮೈಲಿಯ ಪಟ್ಟಿಯೂ ರದ್ದಾದೀತು ಎಂಬುದು ನೆನಪಿರಲಿ. ಅಂದರೆ ನೀವು ಎಂದೂ ಹತ್ತದ ಬಸ್ಸಿಗಾಗಿಯೂ ಸಭೆಗೆ ಹೋಗಬೇಕಾಗುತ್ತದೆ. ಸಾಮಾನ್ಯವಾಗಿ ಒಬ್ಬರಿಗೆ ಎರಡೋ ಮೂರೋ ನಿಮಿಷ ಕೊಡುತ್ತಾರೆ. ಊರಿನ ದೊಡ್ಡಸ್ತಿಕೆ, ನಮಸ್ಕಾರ, ಪೀಠಿಕೆ ಎಲ್ಲ ಬಿಟ್ಟು ಕಂಬದ ಮೇಲಿರುವ ನಿಲ್ದಾಣದ ಸಂಖ್ಯೆ ಹೇಳಿ, ಒಂದೇ ಬೇಡಿಕೆ ಇಡಿ. ಕಾಲುದಾರಿ ಮತ್ತು ಕಟ್ಟೆ ಹೆಚ್ಚಾಗಿ ನಗರಾಡಳಿತದ ಸೊತ್ತು, ಬಸ್ಸು ಮಾತ್ರ ಸಾರಿಗೆ ಸಂಸ್ಥೆಯದ್ದು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸದ ಹಾಗೆ ಅದೇ ಫೋಟೋ, ಅದೇ 17 ಸೆಕೆಂಡಿನ ಲೆಕ್ಕ ಇರುವ ಪತ್ರವನ್ನು ಇಬ್ಬರಿಗೂ ಒಂದೇ ದಿನ ಕಳಿಸಿ, ಕೆಳಗೆ ಪ್ರತಿ ಯಾರಿಗೆ ಹೋಗಿದೆ ಎಂದು ಬರೆಯಿರಿ.